ಅಧಿಕಾರಕ್ಕೆ ಮೂಗುದಾರ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂವಿಧಾನದ ಬಗ್ಗೆ ಮಾತು ಅಂದರೆ ಸಾಮಾನ್ಯವಾಗಿ ಪೀಠಿಕೆಯಿಂದ ಶುರುವಾಗುತ್ತದೆ. ‘ಭಾರತದ ಜನತೆಯಾದ ನಾವು’ ಅನ್ನುವ ಮಾತು ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಇವತ್ತು ಅಲ್ಲಿಂದ ಬೇಡ. 22ನೇ ವಿಧಿಯ ಎರಡನೇ ಖಂಡದಿಂದ ಶುರು ಮಾಡೋಣ. ಕವಿತೆಯ ಗಂಧಗಾಳಿ ಇಲ್ಲದ ಸಾಲು ಅದು. ಯಾರನ್ನೇ ಬಂಧಿಸಿದರೂ 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿಸಿದ ಜಾಗದಿಂದ ಅಲ್ಲಿಗೆ ಹೋಗಲು ಬೇಕಾದ ಪ್ರಯಾಣದ ಸಮಯವನ್ನು ಮಾತ್ರ ಲೆಕ್ಕದಿಂದ ಬಿಡಬಹುದು. ಅಷ್ಟೇ.

ಒಂದು ದೊಡ್ಡ ದೇಶ ಕಟ್ಟಲು ಕೂತವರು ಪ್ರಯಾಣದ ಸಮಯದ ಬಗ್ಗೆಯೂ ಯಾಕೆ ತಲೆ ಕೆಡಿಸಿಕೊಂಡರು? ಸುಮ್ನೆ ‘ಆದಷ್ಟು ಬೇಗ’ ಅಂತ ಬರೆದಿದ್ದರೆ ಸಾಕಿತ್ತು, ಅಲ್ವಾ? ಸಾಕಾಗುತ್ತಿರಲಿಲ್ಲ. ‘ಆದಷ್ಟು ಬೇಗ’ ಅನ್ನುವುದನ್ನು ಹೇಗೆ ಬೇಕಾದರೂ ಎಳೆಯಬಹುದು. 24ನ್ನು ಎಳೆಯಲು ಬರುವುದಿಲ್ಲ.

ಒಮ್ಮೆ ಆ ಜಾಗದಲ್ಲಿ ನಿಂತು ನೋಡಿ. ರಾತ್ರಿ ಒಂಬತ್ತಕ್ಕೆ ಒಬ್ಬನನ್ನು ಠಾಣೆಗೆ ತಂದಿದ್ದಾರೆ. ಬೆಲ್ಟು, ಚಪ್ಪಲಿ, ಮೊಬೈಲು ತೆಗೆದಿಟ್ಟುಕೊಂಡಿದ್ದಾರೆ. ಲಾಕಪ್ಪಿನ ಬೀಗ ಅವರದು, ಬೀಗದ ಕೈ ಅವರದು. ಏನಾಯಿತು ಅಂತ ಬರೆಯುವ ಪುಸ್ತಕವೂ ಅವರದೇ. ಹೊರಗೆ ಆತನ ಹೆಂಡತಿ ನಿಂತಿದ್ದಾಳೆ, ಒಳಗೆ ಬಿಡುತ್ತಿಲ್ಲ. ಆ ಹೊತ್ತಿನಲ್ಲಿ ಪೀಠಿಕೆ ಆತನ ನೆರವಿಗೆ ಬರುವುದಿಲ್ಲ. ಬರುವುದು ಗೋಡೆಯ ಮೇಲಿನ ಗಡಿಯಾರ. ನಾಳೆ ರಾತ್ರಿ ಒಂಬತ್ತರೊಳಗೆ ಈತ ಇನ್ನೊಬ್ಬರ ಕಣ್ಣಿಗೆ ಬೀಳಲೇಬೇಕು. ಆ ಇನ್ನೊಬ್ಬರು ಪೊಲೀಸ್ ಇಲಾಖೆಯವರಲ್ಲ, ಯಾವ ಪೊಲೀಸ್ ಅಧಿಕಾರಿಯ ಮಾತನ್ನೂ ಅವರು ಕೇಳಬೇಕಿಲ್ಲ. ಇದು ಠಾಣೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಎತ್ತಿದ ಕೈಯನ್ನು ಒಂದು ಕ್ಷಣ ತಡೆಯುವುದು ಅದೇ.

ಪ್ರತಿ ಸಲವೂ ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಲಾಕಪ್ ಸಾವುಗಳ ಸುದ್ದಿ ನೀವೂ ಓದಿದ್ದೀರಿ. ಗಡಿಯಾರವನ್ನು ಮೋಸ ಮಾಡುವ ಸುಲಭದ ದಾರಿ ಒಂದಿದೆ: ಬಂಧಿಸಿದ ಹೊತ್ತನ್ನೇ ಬರೆಯದಿರುವುದು. ಸೋಮವಾರ ಹಿಡಿದು ತಂದು ಗುರುವಾರ ‘ಬಂಧಿಸಿದೆವು’ ಅಂತ ಬರೆದರೆ 24 ಗಂಟೆ ಗುರುವಾರದಿಂದ ಶುರು! ಇದನ್ನು ತಡೆಯಲು ಮತ್ತೊಂದು ಸಣ್ಣ ನಿಯಮ ಬೇಕಾಯಿತು. 1986ರಲ್ಲಿ ಡಿ.ಕೆ. ಬಸು ಅನ್ನುವವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ಅರ್ಜಿ ಅಂತ ತೆಗೆದುಕೊಂಡಿತು. ತೀರ್ಪು ಬಂದಿದ್ದು 1996ರ ಡಿಸೆಂಬರಿನಲ್ಲಿ. ಅದರಲ್ಲಿ ಏನಿದೆ ನೋಡಿ. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು, ಹುದ್ದೆ ಕಾಣಬೇಕು. ಬಂಧಿಸಿದಾಗಲೇ ಒಂದು ಮೆಮೊ ಬರೆಯಬೇಕು. ಅದರಲ್ಲಿ ತಾರೀಖು, ಹೊತ್ತು ಎರಡೂ ಇರಬೇಕು. ಮನೆಯವರಲ್ಲಿ ಒಬ್ಬರೋ ಆ ಜಾಗದ ಮರ್ಯಾದಸ್ಥರೊಬ್ಬರೋ ಸಾಕ್ಷಿ ಸಹಿ ಹಾಕಬೇಕು. ಬಂಧಿತನೂ ಸಹಿ ಹಾಕಬೇಕು. ವಶದಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು.

ಎದೆಯ ಮೇಲಿನ ಹೆಸರು, ಹೊತ್ತು, ಸಾಕ್ಷಿಯ ಸಹಿ. ಓದಿದರೆ ಯಾವುದೋ ಗುಮಾಸ್ತರು ತಯಾರಿಸಿದ ಫಾರಂ ಅನಿಸುತ್ತದೆ. ಆದರೆ ಅಧಿಕಾರಕ್ಕೆ ನಿಜವಾಗಿ ಮಿತಿ ಹಾಕುವುದು ಇಂಥವೇ ಅಂತ ನಾನು ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ. ಸ್ವಾತಂತ್ರ್ಯ, ಘನತೆ ಅನ್ನುವ ದೊಡ್ಡ ಮಾತುಗಳನ್ನು ಯಾವ ಆಳುವವನೂ ಬೇಡ ಅನ್ನುವುದಿಲ್ಲ. ಭಾಷಣದಲ್ಲಿ ಅವನೇ ನಮಗಿಂತ ಜಾಸ್ತಿ ಬಳಸುತ್ತಾನೆ. ಅವನಿಗೆ ಕಿರಿಕಿರಿ ಅನಿಸುವುದು ಈ ಹೊತ್ತು, ಈ ಸಹಿ, ಈ ಸಾಕ್ಷಿ.

ಈ 22ನೇ ವಿಧಿ ಬಂದ ಬಗೆಯೂ ತಿಳಿದಿರಬೇಕಾದದ್ದು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಬಿ.ಎನ್. ರಾವ್, ನಮ್ಮ ಮಂಗಳೂರು ಕಡೆಯ ಬೆನಗಲ್ ಮನೆತನದವರು. ಅಮೆರಿಕಕ್ಕೆ ಹೋದಾಗ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರಾಸೆಸ್’, ಅಂದರೆ ನ್ಯಾಯವಾದ ಕಾನೂನು ಕ್ರಮ, ಅನ್ನುವ ಮಾತು ನಿಮ್ಮ ಸಂವಿಧಾನದಲ್ಲಿ ಬೇಡ, ಅದು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಅನ್ನುವುದು ಅವರ ಸಲಹೆ. ಕರಡಿನಿಂದ ಆ ಮಾತು ಹೋಯಿತು. ಅದರ ಜಾಗಕ್ಕೆ ‘ಕಾನೂನು ಗೊತ್ತುಪಡಿಸಿದ ವಿಧಾನ’ ಅಂತ ಬಂತು. ಅಂದರೆ ಸಂಸತ್ತು ಒಂದು ಕಾನೂನು ಮಾಡಿಬಿಟ್ಟರೆ ಆಯಿತು, ಅದು ನ್ಯಾಯವಾಗಿದೆಯೋ ಇಲ್ಲವೋ ಕೇಳುವಂತಿಲ್ಲ. ಸಭೆಯಲ್ಲಿ ಕೂತಿದ್ದವರಲ್ಲಿ ಎಷ್ಟೋ ಮಂದಿ ಬ್ರಿಟಿಷರ ಕಾಲದಲ್ಲಿ ವಿಚಾರಣೆಯೇ ಇಲ್ಲದೆ ಜೈಲು ಕಂಡವರು. ಅವರಿಗೆ ಇದು ಸಮಾಧಾನ ತರಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಹೊಸದೊಂದು ವಿಧಿ ತಂದರು. ಅದೇ ಮುಂದೆ 22 ಆಯಿತು.

24 ಗಂಟೆಯ ನಿಯಮ ಆಗಲೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಮತ್ತೆ ಸಂವಿಧಾನಕ್ಕೆ ಯಾಕೆ ತರಬೇಕು? ಅಂಬೇಡ್ಕರ್ ಕೊಟ್ಟ ಕಾರಣ ನೇರವಾಗಿತ್ತು. ಸಂಹಿತೆಯಲ್ಲಿ ಇದ್ದರೆ ಶಾಸನಸಭೆ ಯಾವಾಗ ಬೇಕಾದರೂ ತೆಗೆದುಹಾಕಬಹುದು. ಸಂವಿಧಾನದಲ್ಲಿ ಇಟ್ಟರೆ ಮಾಮೂಲಿ ಕಾನೂನಿನಿಂದ ಅದನ್ನು ಮುಟ್ಟಲಾಗದು.

ಎತ್ತಿಗೆ ಮೂಗುದಾರ ಹಾಕುವುದನ್ನು ನೀವು ನೋಡಿರುತ್ತೀರಿ. ಎತ್ತು ಕೆಟ್ಟದ್ದು ಅಂತ ಹಾಕುವುದಲ್ಲ. ಅದಕ್ಕೆ ಬಲ ಇದೆ ಅಂತ ಹಾಕುವುದು. ಆದರೆ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. 1215ರ ಜೂನ್‌ನಲ್ಲಿ ಇಂಗ್ಲೆಂಡಿನ ರನ್ನಿಮೀಡ್ ಬಯಲಿನಲ್ಲಿ ಜಾನ್ ದೊರೆ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿದ. ಕಾನೂನಿನ ಪ್ರಕಾರವಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಗೆ ಹಾಕುವುದಿಲ್ಲ ಅನ್ನುವ ಮಾತು ಅದರಲ್ಲಿತ್ತು. ಆದರೆ ಆಗಸ್ಟ್ ತಿಂಗಳಿಗೇ ಪೋಪ್ ಮೂರನೇ ಇನ್ನೊಸೆಂಟ್ ಕೈಲಿ ಅದನ್ನು ರದ್ದು ಮಾಡಿಸಿದ. ಮೂರು ತಿಂಗಳೂ ಬಾಳಲಿಲ್ಲ! ಜಾನ್ ಸತ್ತ ಮೇಲೆ ಅದನ್ನು ತಿದ್ದಿ ತಿದ್ದಿ ಮತ್ತೆ ಮತ್ತೆ ಹೊರಡಿಸಬೇಕಾಯಿತು. ಅದು ನಿಂತದ್ದು ಹಾಗೆ. ಕಾಗದ ಒಂದೇ ಯಾರನ್ನೂ ಕಟ್ಟಿಹಾಕಿದ್ದಿಲ್ಲ.

ನಮ್ಮಲ್ಲಿ ಹಗ್ಗ ಕೈತಪ್ಪಿದ ರಾತ್ರಿ ಅಂದರೆ 1975ರ ಜೂನ್ 25. ಈ ಭಾಗ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಒಂದು ಪತ್ರ ಇದೆ.

ಪ್ರಧಾನಿ ಇಂದಿರಾ ಗಾಂಧಿ ಆ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರಿಗೆ ಬರೆದ ಪತ್ರ. ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಅಪಾಯ ಬಂದಿದೆ, ತುರ್ತುಪರಿಸ್ಥಿತಿ ಘೋಷಿಸಬೇಕು ಅನ್ನುವುದು ಅದರ ಸಾರ. ಸಂಪುಟದ ಮುಂದೆ ಇಡಬೇಕಿತ್ತು, ಆದರೆ ಈ ರಾತ್ರಿ ಆಗುವುದಿಲ್ಲ ಅಂತಲೂ ಅದರಲ್ಲಿದೆ. ಸರ್ಕಾರದ ಕೆಲಸ ಹೇಗೆ ನಡೆಯಬೇಕು ಅನ್ನುವುದಕ್ಕೆ 1961ರ ವ್ಯವಹಾರ ನಿಯಮಗಳಿವೆ. ಅದರ 12ನೇ ನಿಯಮ ಪ್ರಧಾನಿಗೆ ಒಂದು ಅವಕಾಶ ಕೊಡುತ್ತದೆ: ಬೇಕಾದಾಗ ಈ ನಿಯಮಗಳಿಂದ ವಿನಾಯಿತಿ ತೆಗೆದುಕೊಳ್ಳಬಹುದು. ಪತ್ರದಲ್ಲಿ ಅದನ್ನೇ ಹೆಸರಿಸಿ, ನನ್ನ ಅಧಿಕಾರ ಬಳಸಿ ವಿನಾಯಿತಿ ಕೊಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಸಂಪುಟಕ್ಕೆ ತಿಳಿಸುತ್ತೇನೆ ಅಂತ ಬರೆದರು.

ಗಮನಿಸಿ. ತಮಗೆ ಬೇಕಾದ ವಿನಾಯಿತಿಯನ್ನು ತಾವೇ ಕೊಟ್ಟುಕೊಂಡರು. ನಿಯಮ ಮುರಿಯಲಿಲ್ಲ, ನಿಯಮದ ಪ್ರಕಾರವೇ ಎಲ್ಲ ನಡೆಯಿತು. ರಾಷ್ಟ್ರಪತಿ ರಾತ್ರಿಯೇ ಸಹಿ ಹಾಕಿದರು. ದೆಹಲಿಯ ಪತ್ರಿಕೆಗಳ ಬೀದಿಗೆ ಕರೆಂಟು ಹೋಯಿತು. ಬೆಳಕು ಹರಿಯುವ ಹೊತ್ತಿಗೆ ಸಚಿವರನ್ನು ಕರೆಸಿ ವಿಷಯ ತಿಳಿಸಲಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ದ ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಅವತ್ತೇ ಹಿಡಿದು ಜೈಲಿಗೆ ಹಾಕಿದರು.

ಜೂನ್ 27ರಂದು ಇನ್ನೊಂದು ಆದೇಶ ಬಂತು. 14, 21, 22ನೇ ವಿಧಿಗಳ ಹಕ್ಕು ಕೇಳಿಕೊಂಡು ಯಾರೂ ಕೋರ್ಟಿಗೆ ಹೋಗುವಂತಿಲ್ಲ. 22 ಅಂದರೆ ನಾವು ಇಷ್ಟು ಹೊತ್ತು ಮಾತಾಡಿದ ಆ ಗಡಿಯಾರ. ಅದನ್ನು ನಿಲ್ಲಿಸಿದ್ದಾಯಿತು.

ಆದರೂ ಬಂಧಿತರು ಹೆಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಆ ಲ್ಯಾಟಿನ್ ಹೆಸರಿಗೆ ಹೆದರಬೇಕಿಲ್ಲ. ‘ಆ ಮನುಷ್ಯನನ್ನು ನನ್ನ ಮುಂದೆ ತಂದು ನಿಲ್ಲಿಸು, ಯಾವ ಕಾನೂನಿನ ಪ್ರಕಾರ ಹಿಡಿದಿಟ್ಟಿದ್ದೀಯ ಹೇಳು’ ಅಂತ ಕೋರ್ಟು ಸರ್ಕಾರಕ್ಕೆ ಹೇಳುವುದು, ಅಷ್ಟೇ. ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಬಹುದು ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಎಡಿಎಂ ಜಬಲ್‌ಪುರ ಪ್ರಕರಣ ಅಂತ ಹೆಸರಾಗಿರುವುದು ಇದೇ.

ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. 21ನೇ ವಿಧಿಯಲ್ಲಿ ಸ್ವಾತಂತ್ರ್ಯ ಒಂದೇ ಅಲ್ಲ, ಜೀವವೂ ಇದೆ. ಒಬ್ಬ ಪೊಲೀಸ್ ಅಧಿಕಾರಿ ಬರೀ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನು ಕೊಂದರೆ ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ನನ್ನ ವಾದದ ಪ್ರಕಾರ ತುರ್ತುಪರಿಸ್ಥಿತಿ ಇರುವ ತನಕ ಇಲ್ಲ ಅಂತ ಉತ್ತರ ಬಂತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತೇವಲ್ಲ, ಅದನ್ನು ಸರ್ಕಾರದ ವಕೀಲರೇ ಕೋರ್ಟಿನಲ್ಲಿ ನಿಂತು ಒಪ್ಪಿಕೊಂಡ ಗಳಿಗೆ ಅದು. ಆದರೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಆಗುವುದಿಲ್ಲ ಅಂದರು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದ ಸರದಿ ಅವರದು. ಅವರನ್ನು ಬಿಟ್ಟು ಅವರಿಗಿಂತ ಕಿರಿಯರಾಗಿದ್ದ ಎಂ.ಎಚ್. ಬೇಗ್ ಅವರನ್ನು ನೇಮಿಸಿದರು. ಖನ್ನಾ ರಾಜೀನಾಮೆ ಕೊಟ್ಟು ಹೋದರು.

ಅವರ ಮಾತು ಕಾನೂನಾಗಲು 41 ವರ್ಷ ಹಿಡಿಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಅದೇ ತೀರ್ಪಿನಲ್ಲಿ ಜಬಲ್‌ಪುರ ತೀರ್ಪನ್ನು ತೆಗೆದುಹಾಕಲಾಯಿತು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪು ಅಂತ ಬರೆದವರು ಡಿ.ವೈ. ಚಂದ್ರಚೂಡ್. 1976ರಲ್ಲಿ ಸರ್ಕಾರದ ಪರ ನಿಂತ ನಾಲ್ವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡರೂ ಇದ್ದರು. ಈ ವಿಷಯ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗ ಆ ಪತ್ರಕ್ಕೆ ವಾಪಸ್ ಬರೋಣ. ತುರ್ತುಪರಿಸ್ಥಿತಿ ಮುಗಿದ ಮೇಲೆ ಬಂದ ಜನತಾ ಸರ್ಕಾರ 44ನೇ ತಿದ್ದುಪಡಿ ತಂದಿತು. ಅದರಲ್ಲಿ ದೊಡ್ಡ ತತ್ವದ ಮಾತು ಹುಡುಕಿದರೆ ಸಿಗುವುದಿಲ್ಲ. ‘ಆಂತರಿಕ ಕ್ಷೋಭೆ’ ಅನ್ನುವುದನ್ನು ಹೊಡೆದು ‘ಸಶಸ್ತ್ರ ಬಂಡಾಯ’ ಅಂತ ಹಾಕಿದರು. ಕ್ಷೋಭೆ ಅಂದರೆ ಏನು ಬೇಕಾದರೂ ಆಗಬಹುದು, ಬಂಡಾಯಕ್ಕೆ ಬಂದೂಕು ಬೇಕು. ಸಂಸತ್ತು ಎರಡು ತಿಂಗಳೊಳಗೆ ಒಪ್ಪಬೇಕು ಅಂತಿದ್ದದ್ದು ಒಂದು ತಿಂಗಳಾಯಿತು, ಅದಕ್ಕೂ ವಿಶೇಷ ಬಹುಮತ ಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಪಡೆಯಬೇಕು. ಏನೇ ಆದರೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿ ಇಡುವಂತಿಲ್ಲ.

ಎಲ್ಲಕ್ಕಿಂತ ನನಗೆ ಪ್ರೀತಿಯಾದದ್ದು ಇನ್ನೊಂದು ಬದಲಾವಣೆ. ಕೇಂದ್ರ ಸಂಪುಟದ ತೀರ್ಮಾನ ತನಗೆ ಬರಹದಲ್ಲಿ ತಲುಪಿದ ಹೊರತು ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ. ಬರಹದಲ್ಲಿ! ಆ ಒಂದು ಪದದ ಹಿಂದೆ 1975ರ ಆ ಇಡೀ ರಾತ್ರಿ ಇದೆ. ಪ್ರಧಾನಿ ಒಬ್ಬರೇ ಅಲ್ಲ, ಸಂಪುಟ ಹೂಂ ಅನ್ನಬೇಕು. ಅದು ಕಾಗದದ ಮೇಲೆ ಬರಬೇಕು. ನಾಳೆ ಬೆಳಿಗ್ಗೆ ತಿಳಿಸುತ್ತೇನೆ ಅನ್ನುವ ದಾರಿ ಮುಚ್ಚಿತು.

1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಮ್ಮ ಕೆಂಗಲ್ ಹನುಮಂತಯ್ಯನವರು ಒಂದು ಮಾತು ಹೇಳಿದ್ದರು. ನಮಗೆ ಬೇಕಿದ್ದದ್ದು ವೀಣೆಯ, ಸಿತಾರಿನ ನಾದ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಅಂತ. ಅವರ ಕೊರಗು ಅರ್ಥವಾಗುತ್ತದೆ. ಸಂವಿಧಾನ ಹಿಡಿದು ಕೂತರೆ ಖಂಡ, ಉಪಖಂಡ, ‘ಪರಂತು’ (‘ಆದರೆ’) ಅಂತ ಶುರುವಾಗುವ ಷರತ್ತುಗಳ ನಡುವೆ ಉಸಿರು ಕಟ್ಟುತ್ತದೆ. ಹನುಮಂತಯ್ಯನವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಲಾಕಪ್ಪಿನಲ್ಲಿರುವವನಿಗೆ ಆ ‘ಪರಂತು’ಗಳೇ ಸಂಗೀತ.

ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುವುದುಂಟು. ಇವತ್ತೂ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು. “ಸ್ವಾಮಿ, ಒಳ್ಳೆಯವರು ಆರಿಸಿ ಬಂದಾಗಲೂ ಹೀಗೆ ಕೈ ಕಟ್ಟಿದರೆ ಅವರು ಕೆಲಸ ಮಾಡುವುದು ಹೇಗೆ?”

ಇದು ಪ್ರಾಮಾಣಿಕವಾದ ಪ್ರಶ್ನೆ. ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಫೈಲು ಕೊಳೆಯುವುದನ್ನು, ಕೇಸು ವರ್ಷಗಟ್ಟಲೆ ಎಳೆಯುವುದನ್ನು ಕಂಡವರಿಗೆ ಹೀಗೆ ಅನಿಸುವುದು ಸಹಜ. ಆದರೆ ಮಿತಿಯ ಬಗ್ಗೆ ನಮಗೆ ಅಸಡ್ಡೆ ಬರುವುದು ಯಾವಾಗ? ಕೆಟ್ಟವರು ಆಳುವಾಗ ಅಲ್ಲ, ಆಗ ನಾವೇ ಮಿತಿ ಬೇಕು ಅಂತ ಕೂಗುತ್ತೇವೆ. ನಮಗೆ ಇಷ್ಟವಾದವರು ಆಳುವಾಗ. ನಮ್ಮವರು ತಾನೇ ಅಂತ ಹಗ್ಗ ಸಡಿಲ ಬಿಡುತ್ತೇವೆ. ಅವರಿಗೆ ಅಂತ ಸಡಿಲಿಸಿದ ಹಗ್ಗ ಅವರ ನಂತರ ಬರುವವರಿಗೂ ಸಡಿಲವಾಗಿಯೇ ಸಿಗುತ್ತದೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಅಂದರು. ಆ ಸಭೆಯಲ್ಲಿದ್ದ ಸದಸ್ಯರು ಯಾರು ನೋಡಿ. ನೆಹರೂ, ಪಟೇಲ್, ರಾಜೇಂದ್ರ ಪ್ರಸಾದ್. ಜನ ಕಣ್ಣಿಗೊತ್ತಿಕೊಳ್ಳುತ್ತಿದ್ದ ನಾಯಕರು. ಅಂಥವರ ಸಭೆಯಲ್ಲೇ ಆ ಮಾತು ಆಡಿದರು.

ಹಣದ ವಿಷಯದಲ್ಲೂ ಕತೆ ಇದೇ, ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಕಾನೂನಿಲ್ಲದೆ ಒಂದು ಪೈಸೆ ತೆರಿಗೆ ಹಾಕುವಂತಿಲ್ಲ ಅನ್ನುತ್ತದೆ 265ನೇ ವಿಧಿ. ಸದನ ಒಪ್ಪದೆ ಬೊಕ್ಕಸದಿಂದ ಒಂದು ಪೈಸೆ ತೆಗೆಯುವಂತಿಲ್ಲ. ಖರ್ಚಾದ ಮೇಲೆ ಲೆಕ್ಕ ನೋಡುವ ಮಹಾಲೇಖಪಾಲರನ್ನು (ಸಿಎಜಿ) ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟಪಡಬೇಕು.

ಬೊಮ್ಮಾಯಿ ಪ್ರಕರಣ ಮಾತ್ರ ಹೇಳದೆ ಬಿಡಲಾರೆ, ಅದು ನಮ್ಮ ಮನೆಯದು. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಕರ್ನಾಟಕದ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಅನ್ನುವ ಪತ್ರಗಳು ರಾಜ್ಯಪಾಲರ ಕೈಸೇರಿದವು. ಏಪ್ರಿಲ್ 20ರಂದು ಅವರಲ್ಲಿ ಏಳು ಮಂದಿ, ನಮ್ಮ ಸಹಿ ತಪ್ಪು ಹೇಳಿ ಪಡೆದದ್ದು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿದರು. ಕರೆಯಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಹೇಳಿತು: ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತಿಳಿಯಬೇಕು, ರಾಜಭವನದಲ್ಲಿ ಅಲ್ಲ. ಎಲ್ಲರ ಕಣ್ಣೆದುರು ತಲೆ ಎಣಿಸಬೇಕು. ಮತ್ತೆ ಅದೇ ಸಣ್ಣ ಕೆಲಸ, ಎಣಿಸುವುದು.

ಆ ತೀರ್ಪಿನಿಂದ ಬೊಮ್ಮಾಯಿಯವರಿಗೆ ಹೋದ ಕುರ್ಚಿ ಬರಲಿಲ್ಲ. 1973ರ ಕೇಶವಾನಂದ ಭಾರತಿ ಪ್ರಕರಣವೂ ಹಾಗೇ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೋರ್ಟಿಗೆ ಹೋದದ್ದು ಮಠದ ಜಮೀನಿಗಾಗಿ. 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅಂತ ಏಳು ಮಂದಿ ಹೇಳಿದರು, ಆರು ಮಂದಿ ಒಪ್ಪಲಿಲ್ಲ. ಒಂದೇ ಮತದ ಅಂತರ. ಸ್ವಾಮೀಜಿಗೆ ಜಮೀನು ದಕ್ಕಲಿಲ್ಲ. ಖನ್ನಾ ಅವರಿಗೆ ಹುದ್ದೆ ದಕ್ಕಲಿಲ್ಲ. ಹಗ್ಗ ಗಟ್ಟಿ ಮಾಡಿದವರಿಗೆ ಅದರಿಂದ ಏನೂ ಸಿಗಲಿಲ್ಲ. ಸಿಕ್ಕಿದ್ದು ನಮಗೆ.

ಕೊನೆಯದಾಗಿ, ಇನ್ನೂ ಮುಗಿಯದ ಒಂದು ಕೆಲಸ. 22ನೇ ವಿಧಿಯ ಉಳಿದ ಭಾಗವನ್ನು ನಾನು ಇಷ್ಟು ಹೊತ್ತು ಹೇಳಲಿಲ್ಲ. ಮುನ್ನೆಚ್ಚರಿಕೆಯ ಬಂಧನ ಅಂತ ಒಂದಿದೆ. ಅಪರಾಧ ಮಾಡಿದ್ದಕ್ಕಲ್ಲ, ಮಾಡಬಹುದು ಅಂತ ಹಿಡಿದಿಡುವುದು. ಅಂಥವರಿಗೆ 24 ಗಂಟೆಯ ನಿಯಮ ಇಲ್ಲ. ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಅಂತ ನೋಡುವ ಸಲಹಾ ಮಂಡಳಿಯ ಮುಂದೆ ಹೋಗದೆಯೇ ಮೂರು ತಿಂಗಳು ಇಟ್ಟುಕೊಳ್ಳಬಹುದು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡವರೇ ಸರ್ಕಾರ ಆದಾಗ ಇದನ್ನೂ ಬದಲಿಸಲು ಹೊರಟರು. 44ನೇ ತಿದ್ದುಪಡಿಯ 3ನೇ ಸೆಕ್ಷನ್ ಮೂರು ತಿಂಗಳನ್ನು ಎರಡಕ್ಕೆ ಇಳಿಸಿತು. ಮಂಡಳಿಯ ಅಧ್ಯಕ್ಷರು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೇ ಆಗಿರಬೇಕು ಅಂದಿತು. ಸಂಸತ್ತು ಒಪ್ಪಿತು. 1979ರ ಏಪ್ರಿಲ್ 30ರಂದು ರಾಷ್ಟ್ರಪತಿಯ ಅಂಕಿತ ಬಿತ್ತು.

ಆದರೆ ತಿದ್ದುಪಡಿಯ ಮೊದಲ ಸೆಕ್ಷನ್‌ನಲ್ಲಿ ಒಂದು ಸಾಲಿತ್ತು: ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡಿದ ತಾರೀಖಿನಿಂದ ಇದು ಜಾರಿಗೆ ಬರುತ್ತದೆ. ಹಗ್ಗದ ತುದಿ ಎತ್ತಿನ ಬಾಯಿಗೇ ಸಿಕ್ಕಿತು. ಉಳಿದ ಸೆಕ್ಷನ್‌ಗಳಿಗೆ ತಾರೀಖು ಬಂತು, 3ನೆಯದಕ್ಕೆ ಬರಲಿಲ್ಲ. 1981ರಲ್ಲಿ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಈ ಪ್ರಶ್ನೆ ಹೋಯಿತು. ತಾರೀಖು ಗೊತ್ತುಮಾಡಿ ಅಂತ ಸರ್ಕಾರಕ್ಕೆ ಆಜ್ಞೆ ಮಾಡಲು ನಮಗೆ ಬರುವುದಿಲ್ಲ ಅಂತ ಬಹುಮತದ ತೀರ್ಪು ಹೇಳಿತು. ಆಮೇಲೆ ಎಲ್ಲ ಬಣ್ಣದ ಬಾವುಟದವರೂ ದೆಹಲಿಯಲ್ಲಿ ಆಳಿದ್ದಾರೆ. ಸಂವಿಧಾನದ ಪುಸ್ತಕ ತೆಗೆದು 22ನೇ ವಿಧಿಯ ಪುಟದ ಅಡಿ ನೋಡಿ. ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇದೆ. ಈ ಬದಲಾವಣೆ ಜಾರಿಗೆ ಬರುವ ತಾರೀಖನ್ನು ಇನ್ನೂ ಗೊತ್ತುಮಾಡಬೇಕಾಗಿದೆ ಅಂತ.